ಗಣಕದ ಸಲಹೆ, ಯೋಜಕರ ತಿದ್ದುಪಡಿ: ಕಾರಣ ಬರೆದಿಡುವ ಅಗತ್ಯ

ದಾಸ್ತಾನು ಪರಿಶೀಲನೆಗಾಗಿ ಕಾರ್ಖಾನೆಗಳಿಗೆ ಹೋದಾಗ ಉತ್ಪಾದನಾ ಯೋಜನೆಯ ವಿಭಾಗದಲ್ಲಿ ನಾನು ಸಾಮಾನ್ಯವಾಗಿ ಎರಡು ಪಟ್ಟಿಗಳನ್ನು ಕಾಣುತ್ತೇನೆ. ಒಂದು, ಗಣಕಯಂತ್ರ ಸಿದ್ಧಪಡಿಸಿದ್ದು. ಯಾವ ಬಿಡಿಭಾಗವನ್ನು ಎಷ್ಟು ಪ್ರಮಾಣದಲ್ಲಿ, ಯಾವ ದಿನಾಂಕದೊಳಗೆ ತಯಾರಿಸಬೇಕು ಅಥವಾ ಖರೀದಿಸಬೇಕು ಎಂಬ ಸಲಹೆ ಅದರಲ್ಲಿರುತ್ತದೆ. ಇನ್ನೊಂದು, ಯೋಜಕರ ಮೇಜಿನ ಖಾನೆಯಲ್ಲಿರುವ ನೋಟುಪುಸ್ತಕ. ಈಚಿನ ವರ್ಷಗಳಲ್ಲಿ ಎಕ್ಸೆಲ್ ಹಾಳೆ. ಮೊದಲನೆಯದನ್ನು ಲೆಕ್ಕಪರಿಶೋಧಕರಿಗೆ ತೋರಿಸಲಾಗುತ್ತದೆ. ಎರಡನೆಯದರಂತೆ ಕಾರ್ಖಾನೆ ನಡೆಯುತ್ತದೆ.

ಲಕ್ಷಾಂತರ ರೂಪಾಯಿ ವ್ಯಯಿಸಿ ಅಳವಡಿಸಿಕೊಂಡ ತಂತ್ರಾಂಶ ಹೀಗೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತಾದರೆ ಮಾಲೀಕರು ಬೇಸರಪಡುವುದು ಸಹಜ. ಯೋಜಕರು ಹಟಮಾರಿಗಳು, ಹೊಸತನ್ನು ಒಪ್ಪದವರು ಎಂಬ ತೀರ್ಮಾನಕ್ಕೆ ಅವರು ಬಂದುಬಿಡುತ್ತಾರೆ. ಯೋಜಕರನ್ನು ಕೇಳಿದರೆ, ಗಣಕಕ್ಕೆ ಅಂಗಳದ ಸ್ಥಿತಿ ತಿಳಿಯದು ಎನ್ನುತ್ತಾರೆ. ಈ ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಕಂಡುಕೊಳ್ಳುವ ಬಗೆ ಹೇಗೆಂಬುದೇ ಪ್ರಸ್ತುತ ಲೇಖನದ ವಿಷಯ. ಇದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳಿತು.

ಗಣಕ ಹೇಳುವುದೇನು?

ಉತ್ಪಾದನೆಗೆ ಬೇಕಾದ ಸಾಮಗ್ರಿಯನ್ನು ಲೆಕ್ಕಹಾಕುವ ಪದ್ಧತಿಗೆ ಎಂ.ಆರ್.ಪಿ. ಎಂಬ ಹೆಸರಿದೆ. ಪೊಟ್ಟಣದ ಮೇಲೆ ಮುದ್ರಿಸುವ ಗರಿಷ್ಠ ಮಾರಾಟ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಇದು ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್ ಎಂಬುದರ ಸಂಕ್ಷಿಪ್ತ ರೂಪ. 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಪದ್ಧತಿಯ ಪ್ರಮುಖ ಪ್ರತಿಪಾದಕರು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಜೋಸೆಫ್ ಆರ್ಲಿಕಿ. ಈ ಕುರಿತ ಅವರ ಪುಸ್ತಕ 1975ರಲ್ಲಿ ಪ್ರಕಟವಾಯಿತು. ಇಂದು ಇ.ಆರ್.ಪಿ. ಹೆಸರಿನಲ್ಲಿ ಮಾರಾಟವಾಗುವ ತಂತ್ರಾಂಶಗಳ ಉತ್ಪಾದನಾ ವಿಭಾಗದಲ್ಲಿ ಬಹುತೇಕ ಇದೇ ಲೆಕ್ಕ ನಡೆಯುತ್ತದೆ.

ಲೆಕ್ಕ ಸರಳವಾದದ್ದೇ. ಸೆಪ್ಟೆಂಬರ್ 15ಕ್ಕೆ 120 ವಾಲ್ವ್‌ಗಳ ಜೋಡಣೆ ಆರಂಭವಾಗಬೇಕು ಎಂದಿಟ್ಟುಕೊಳ್ಳೋಣ. ಪ್ರತಿ ವಾಲ್ವ್‌ಗೆ ಒಂದು ಎರಕದ ಬಾಡಿ ಬೇಕು. ಉಗ್ರಾಣದಲ್ಲಿ 30 ಇವೆ. ಆದ್ದರಿಂದ 90 ತರಿಸಬೇಕು. ಫೌಂಡ್ರಿಯಿಂದ ಎರಕ ಬರಲು 30 ದಿನ ಬೇಕೆಂದು ಗಣಕದಲ್ಲಿ ದಾಖಲಾಗಿದ್ದರೆ, ಆಗಸ್ಟ್ 16ರಂದು ಆರ್ಡರ್ ಕೊಡಿ ಎಂಬ ಸಲಹೆ ಹೊರಬೀಳುತ್ತದೆ. ಬಾನೆಟ್, ಸ್ಪಿಂಡಲ್, ಹ್ಯಾಂಡ್‌ವ್ಹೀಲ್, ಗ್ಯಾಸ್ಕೆಟ್, ಬೋಲ್ಟ್ ಎಲ್ಲಕ್ಕೂ ಇದೇ ಕ್ರಮ. ನೂರಾರು ವಾಲ್ವ್ ಮಾದರಿಗಳ ಸಾವಿರಾರು ಬಿಡಿಭಾಗಗಳಿಗೆ ಈ ಲೆಕ್ಕವನ್ನು ಕೈಯಿಂದ ಮಾಡುವುದು ಅಸಾಧ್ಯ. ಗಣಕ ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ.

ಈ ಲೆಕ್ಕದ ಸತ್ಯಾಸತ್ಯತೆ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಮುಖ್ಯ ಉತ್ಪಾದನಾ ವೇಳಾಪಟ್ಟಿ, ಬಿಲ್ ಆಫ್ ಮೆಟೀರಿಯಲ್ಸ್ ಎಂದು ಕರೆಯುವ ಬಿಡಿಭಾಗಗಳ ಪಟ್ಟಿ, ಉಗ್ರಾಣದ ದಾಸ್ತಾನು ಮತ್ತು ಸಾಮಗ್ರಿ ಕೈಸೇರಲು ಬೇಕಾಗುವ ಅವಧಿ, ಅಂದರೆ ಲೀಡ್ ಟೈಮ್. ನಾಲ್ಕರಲ್ಲಿ ಒಂದು ತಪ್ಪಾದರೂ ಗಣಕ ತಪ್ಪನ್ನೇ ಅತ್ಯಂತ ಕರಾರುವಾಕ್ಕಾಗಿ ಲೆಕ್ಕಹಾಕಿ ಕೊಡುತ್ತದೆ.

ಆರ್ಡರ್ ಸಲಹೆಯೊಂದಿಗೆ ಎಚ್ಚರಿಕೆಯ ಸಂದೇಶಗಳೂ ಬರುತ್ತವೆ. ಈ ಆರ್ಡರನ್ನು ಹಿಂದಕ್ಕೆ ತನ್ನಿ, ಅದನ್ನು ಮುಂದೂಡಿ, ಮತ್ತೊಂದನ್ನು ರದ್ದುಮಾಡಿ ಎಂದು ಅವು ಹೇಳುತ್ತವೆ. ಗ್ರಾಹಕರೊಬ್ಬರು ಒಂದು ಆರ್ಡರಿನ ದಿನಾಂಕವನ್ನು ವಾರದಷ್ಟು ಬದಲಿಸಿದರೆ ಸಾಕು, ಅದರ ಕೆಳಗಿನ ಹತ್ತಾರು ಬಿಡಿಭಾಗಗಳಿಗೆ ಹೊಸ ಸಂದೇಶಗಳು ಹುಟ್ಟುತ್ತವೆ. ಮುಂದಿನ ವಾರ ಅವೇ ತಿರುಗುಮುರುಗಾಗಬಹುದು. ಈ ಚಂಚಲತೆಗೆ ಇಂಗ್ಲಿಷಿನಲ್ಲಿ ‘ನರ್ವಸ್‌ನೆಸ್’ ಎಂಬ ಹೆಸರೇ 1970ರ ದಶಕದಿಂದ ಬಳಕೆಯಲ್ಲಿದೆ. ಸೋಮವಾರ ಬೆಳಿಗ್ಗೆ ಇನ್ನೂರು ಸಂದೇಶಗಳನ್ನು ಎದುರಿಸುವ ಯೋಜಕರು ಎಲ್ಲವನ್ನೂ ಓದಲಾರರು. ತಮಗೆ ಮುಖ್ಯವೆಂದು ತೋರಿದ್ದನ್ನು ಆರಿಸಿಕೊಳ್ಳುತ್ತಾರೆ.

ಯೋಜಕರು ಮಾಡುವುದೇನು?

ಹಲವು ವರ್ಷಗಳ ಪರಿಶೀಲನೆಯಲ್ಲಿ ಯೋಜಕರ ಪ್ರತಿಕ್ರಿಯೆಗಳಲ್ಲಿ ಕೆಲವು ಸಾಮಾನ್ಯ ರೀತಿಗಳನ್ನು ನಾನು ಗಮನಿಸಿದ್ದೇನೆ.

ಮೊದಲನೆಯದು, ಆಯ್ದ ವಿಧೇಯತೆ. ‘ಬೇಗ ತರಿಸಿ’ ಎಂಬ ಸಂದೇಶವನ್ನು ಯೋಜಕರು ಕೂಡಲೇ ಪಾಲಿಸುತ್ತಾರೆ. ‘ಮುಂದೂಡಿ’, ‘ರದ್ದುಮಾಡಿ’ ಎಂಬವನ್ನು ಕಂಡೂ ಕಾಣದಂತೆ ಬಿಡುತ್ತಾರೆ. ಇದಕ್ಕೆ ಕಾರಣ ಸೋಮಾರಿತನವಲ್ಲ. ಬೋಲ್ಟ್ ಇಲ್ಲದೆ ಜೋಡಣೆ ನಿಂತರೆ ಆ ದಿನವೇ ನಿರ್ದೇಶಕರ ಕೋಣೆಯಿಂದ ಕರೆ ಬರುತ್ತದೆ. ಆರು ತಿಂಗಳಿಗಾಗುವಷ್ಟು ಬೋಲ್ಟ್ ಉಗ್ರಾಣದಲ್ಲಿ ಬಿದ್ದಿದ್ದರೆ ಯಾರೂ ಕರೆಯುವುದಿಲ್ಲ. ಅದರ ಬಡ್ಡಿಯನ್ನು ಲೆಕ್ಕಪತ್ರ ವಿಭಾಗ ಸದ್ದಿಲ್ಲದೆ ಕಟ್ಟುತ್ತದೆ. ಕೊರತೆಯ ಹೊಣೆ ಒಬ್ಬರ ತಲೆಯ ಮೇಲೆ, ಹೆಚ್ಚುವರಿಯ ಹೊಣೆ ಯಾರ ಮೇಲೂ ಇಲ್ಲ ಎಂಬ ವ್ಯವಸ್ಥೆಯನ್ನು ನಾವೇ ನಿರ್ಮಿಸಿ, ಯೋಜಕರು ಹೆಚ್ಚು ತರಿಸುತ್ತಾರೆಂದು ದೂರುವುದು ನ್ಯಾಯವಲ್ಲ.

ಎರಡನೆಯದು, ಗುಪ್ತ ಸೇರಿಕೆ. ನಿಜವಾದ ಬೇಡಿಕೆ 100 ಇದ್ದಾಗ ಮಾರಾಟ ವಿಭಾಗ ಶೇಕಡಾ 10ರಷ್ಟು ಸೇರಿಸಿ 110 ಎನ್ನುತ್ತದೆ. ಯೋಜಕರು ತಮ್ಮ ಪಾಲಿನ ಶೇಕಡಾ 10 ಸೇರಿಸಿ 121 ಮಾಡುತ್ತಾರೆ. ಖರೀದಿ ವಿಭಾಗದವರು ಮತ್ತೆ ಶೇಕಡಾ 10 ಸೇರಿಸಿದರೆ 133 ಆಗುತ್ತದೆ. ಪ್ರತಿಯೊಬ್ಬರೂ ಎಚ್ಚರಿಕೆಯಿಂದಲೇ ನಡೆದುಕೊಂಡಿದ್ದಾರೆ. ಆದರೂ ಮೂರನೇ ಒಂದು ಭಾಗದಷ್ಟು ಸರಕು ಕಾರಣವಿಲ್ಲದೆ ಬಂದು ಬಿದ್ದಿದೆ.

ಮೂರನೆಯದು, ಸಣ್ಣಪುಟ್ಟ ತಿದ್ದುಪಡಿ. ಗಣಕ 190 ಎಂದರೆ 200 ಮಾಡುವುದು, 415 ಎಂದರೆ 400 ಮಾಡುವುದು. ಇದರಲ್ಲಿ ಮಾಹಿತಿಗಿಂತ ‘ಈ ಕೆಲಸ ನಾನೂ ನೋಡಿದ್ದೇನೆ’ ಎಂಬ ಹಸ್ತಾಕ್ಷರದ ಗುಣವೇ ಹೆಚ್ಚು.

ನಾಲ್ಕನೆಯದು ಇದಕ್ಕೆ ವಿರುದ್ಧವಾದದ್ದು: ಸಂಪೂರ್ಣ ಶರಣಾಗತಿ. ಗಣಕ ಹೇಳಿದ್ದನ್ನೇ ಮಾಡಿದರೆ ತಪ್ಪು ತನ್ನದಲ್ಲ ಎಂಬ ಸುರಕ್ಷಿತ ಭಾವನೆ. ಹೊಸದಾಗಿ ಸೇರಿದ ಯುವ ಯೋಜಕರಲ್ಲಿ ಇದನ್ನು ಹೆಚ್ಚಾಗಿ ಕಂಡಿದ್ದೇನೆ. ಹೊರನೋಟಕ್ಕೆ ಇದು ಶಿಸ್ತಿನಂತೆ ಕಾಣುವುದರಿಂದ ಅಪಾಯಕಾರಿ.

ಐದನೆಯದು, ನಿಜವಾದ ತಿಳಿವಳಿಕೆಯಿಂದ ಮಾಡಿದ ತಿದ್ದುಪಡಿ. ಗಣಕಕ್ಕೆ ಗೊತ್ತಿಲ್ಲದ ಒಂದು ಸಂಗತಿ ಯೋಜಕರಿಗೆ ಗೊತ್ತಿರುತ್ತದೆ. ಸರಬರಾಜುದಾರರ ಕುಲುಮೆ ದುರಸ್ತಿಯಲ್ಲಿದೆ, ಗ್ರಾಹಕರ ಯೋಜನೆ ಮುಂದೆ ಹೋಗಿದೆ, ಒಂದು ಯಂತ್ರ ಮೊದಲಿನ ವೇಗದಲ್ಲಿ ಓಡುತ್ತಿಲ್ಲ. ಕಾರ್ಖಾನೆಯನ್ನು ಉಳಿಸುವ ತಿದ್ದುಪಡಿ ಇದು.

ತೊಂದರೆ ಎಲ್ಲಿದೆಯೆಂದರೆ, ಕಾರಣ ದಾಖಲಾಗದಿದ್ದಾಗ ಈ ಐದನೆಯ ಬಗೆಗೂ ಎರಡನೆಯ, ಮೂರನೆಯ ಬಗೆಗಳಿಗೂ ಹೊರಗಿನಿಂದ ನೋಡುವವರಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಎಲ್ಲವೂ ‘ಸಲಹೆ ಪಾಲಿಸಿಲ್ಲ’ ಎಂಬ ಒಂದೇ ಸಾಲಿನಲ್ಲಿ ಸೇರಿಹೋಗುತ್ತವೆ. ನಾನು ಎಡವಿದ್ದು ಇಲ್ಲಿಯೇ.

ಒಂದು ವರದಿ, ಒಂದು ಹಬ್ಬ

2007ರಲ್ಲಿ ಹುಬ್ಬಳ್ಳಿಯ ಒಂದು ವಾಲ್ವ್ ತಯಾರಿಕಾ ಘಟಕದ ಆಂತರಿಕ ಲೆಕ್ಕಪರಿಶೋಧನೆ ನನ್ನ ಪಾಲಿಗೆ ಬಂದಿತ್ತು. ಹಿಂದಿನ ವರ್ಷವಷ್ಟೇ ಅವರು ಹೊಸ ತಂತ್ರಾಂಶ ಅಳವಡಿಸಿಕೊಂಡಿದ್ದರು. ದಾಸ್ತಾನು ಇಳಿಯುವ ಬದಲು ಏರಿದ್ದು ಆಡಳಿತ ಮಂಡಳಿಯ ಆತಂಕಕ್ಕೆ ಕಾರಣವಾಗಿತ್ತು. ನಾನು ಗಣಕದ 40 ಆರ್ಡರ್ ಸಲಹೆಗಳನ್ನು ಆರಿಸಿಕೊಂಡು ಖರೀದಿ ಆದೇಶಗಳೊಂದಿಗೆ ಹೋಲಿಸಿದೆ. 17ರಲ್ಲಿ ಪ್ರಮಾಣವೋ ದಿನಾಂಕವೋ ಬದಲಾಗಿತ್ತು. ಯಾವುದಕ್ಕೂ ಲಿಖಿತ ಕಾರಣವಿರಲಿಲ್ಲ. ತಂತ್ರಾಂಶದ ಉದ್ದೇಶವೇ ವಿಫಲವಾಗುತ್ತಿದೆ, ಯೋಜಕರ ತಿದ್ದುಪಡಿ ಅಧಿಕಾರವನ್ನು ನಿರ್ಬಂಧಿಸಬೇಕು ಎಂದು ವರದಿಯಲ್ಲಿ ಬರೆದೆ. ಸಂಖ್ಯೆಗಳು ಸ್ಪಷ್ಟವಾಗಿದ್ದವು, ವರದಿಯನ್ನು ಮೆಚ್ಚಿಕೊಂಡರು. ಅಂದಿನಿಂದ ಗಣಕದ ಸಲಹೆಗಳು ನೇರವಾಗಿ ಖರೀದಿ ಆದೇಶಗಳಾದವು. ಬದಲಾವಣೆಗೆ ನಿರ್ದೇಶಕರ ಸಹಿ ಬೇಕಾಯಿತು.

ಘಟಕಕ್ಕೆ ಬಾಡಿ ಎರಕಗಳು ಬೆಳಗಾವಿಯ ಒಂದು ಸಣ್ಣ ಫೌಂಡ್ರಿಯಿಂದ ಬರುತ್ತಿದ್ದವು. ಗಣಕದಲ್ಲಿ ಲೀಡ್ ಟೈಮ್ 30 ದಿನ ಎಂದು ತಂತ್ರಾಂಶ ಅಳವಡಿಸಿದ ವಾರ ಯಾರೋ ತುಂಬಿದ್ದರು. ಅದನ್ನು ಮತ್ತೆ ಯಾರೂ ಮುಟ್ಟಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಗಣೇಶ ಚತುರ್ಥಿ ಬಂತು. ನಮ್ಮ ಭಾಗದಲ್ಲಿ ಆ ಹಬ್ಬ ಎಷ್ಟು ದಿನ ನಡೆಯುತ್ತದೆಂಬುದನ್ನು ಓದುಗರಿಗೆ ವಿವರಿಸಬೇಕಿಲ್ಲ. ಅಚ್ಚು ಕಟ್ಟುವ ಕೆಲಸಗಾರರು ಊರಿಗೆ ತೆರಳಿದರು. ಎರಕಗಳು ಎರಡು ವಾರಕ್ಕೂ ಹೆಚ್ಚು ತಡವಾದವು. ಬಾನೆಟ್, ಸ್ಪಿಂಡಲ್, ಹ್ಯಾಂಡ್‌ವ್ಹೀಲ್ ಎಲ್ಲವೂ ಗಣಕ ಹೇಳಿದ ದಿನಕ್ಕೆ ಸರಿಯಾಗಿ ಬಂದು ಉಗ್ರಾಣ ತುಂಬಿತು. ಬಾಡಿ ಒಂದಿಲ್ಲದೆ ಜೋಡಣಾ ವಿಭಾಗ ಖಾಲಿ ಕುಳಿತಿತು. ಗ್ರಾಹಕರ ಕರಾರಿನಲ್ಲಿ ವಿಳಂಬಕ್ಕೆ ದಂಡದ ಷರತ್ತಿತ್ತು. ದಂಡ ಕಟ್ಟಬೇಕಾಯಿತು.

ಆ ಘಟಕದ ಯೋಜಕರು ಅಲ್ಲಿ ಇಪ್ಪತ್ತು ವರ್ಷ ದುಡಿದಿದ್ದವರು. ಪ್ರತಿ ವರ್ಷ ಆ ಹಂಗಾಮಿನ ಎರಕಗಳನ್ನು ಅವರು ಎರಡು ವಾರ ಮುಂಚೆಯೇ ಆರ್ಡರ್ ಮಾಡುತ್ತಿದ್ದರು. ನಾನು ಎಣಿಸಿದ 17 ತಿದ್ದುಪಡಿಗಳಲ್ಲಿ ಕೆಲವು ಇದೇ ಫೌಂಡ್ರಿಗೆ ಸಂಬಂಧಿಸಿದವು. ಇದನ್ನು ಮೊದಲೇ ಏಕೆ ಹೇಳಲಿಲ್ಲವೆಂದು ನಾನು ಕೇಳಿದಾಗ ಅವರು ಸಿಟ್ಟಾಗಲಿಲ್ಲ. “ಸರ, ಕಂಪ್ಯೂಟರಿಗೆ ಗಣಪತಿ ಹಬ್ಬ ಗೊತ್ತಿಲ್ಲರಿ, ಮೋಲ್ಡರ್‌ಗಳಿಗೆ ಗೊತ್ತೈತಿ. ನಿಮ್ಮ ರಿಪೋರ್ಟಿನ್ಯಾಗ ನಾ ಎಷ್ಟು ಸಲ ತಿದ್ದೀನಿ ಅಂತ ಇತ್ರಿ. ಯಾಕ ತಿದ್ದೀನಿ ಅನ್ನೋದು ಇರಲಿಲ್ಲ,” ಎಂದರು.

ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಮರುವಾರ ಎರಡು ದಿನ ಅವರೊಂದಿಗೆ ಕುಳಿತು ಆ 17 ತಿದ್ದುಪಡಿಗಳನ್ನು ಒಂದೊಂದಾಗಿ, ಆನಂತರ ನಿಜವಾಗಿ ನಡೆದದ್ದರೊಂದಿಗೆ ಹೋಲಿಸಿದೆ. 6 ತಿದ್ದುಪಡಿಗಳು ಸ್ಪಷ್ಟವಾಗಿ ಸರಿಯಾಗಿದ್ದವು; ಅವೆಲ್ಲಕ್ಕೂ ಗಣಕಕ್ಕೆ ತಿಳಿಯದ ಒಂದು ಕಾರಣವಿತ್ತು. 8 ತಿದ್ದುಪಡಿಗಳಿಂದ ದಾಸ್ತಾನು ಬೆಳೆದದ್ದು ಬಿಟ್ಟರೆ ಬೇರೆ ಪ್ರಯೋಜನವಾಗಿರಲಿಲ್ಲ. ಬೋಲ್ಟ್, ಗ್ಯಾಸ್ಕೆಟ್‌ನಂಥ ಸುಲಭವಾಗಿ ಸಿಗುವ ವಸ್ತುಗಳಲ್ಲಿ ಇಂಥವೇ ಹೆಚ್ಚು. ಇದನ್ನು ಯೋಜಕರೂ ಒಪ್ಪಿದರು. ಉಳಿದ 3 ತಿದ್ದುಪಡಿಗಳ ಬಗ್ಗೆ ನಾವಿಬ್ಬರೂ ಏನನ್ನೂ ನಿರ್ಧರಿಸಲಾಗಲಿಲ್ಲ. ಕಾರಣ ಅವರಿಗೇ ಮರೆತುಹೋಗಿತ್ತು.

ಅಂದರೆ ನನ್ನ ವರದಿ ಪೂರ್ತಿ ತಪ್ಪಾಗಿರಲಿಲ್ಲ. ಆದರೆ ಕಾಳು ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡದೆ ರಾಶಿಯನ್ನೇ ಹೊರಗೆ ಹಾಕಿಸಿದ್ದೆ.

ಸಂಶೋಧನೆಗಳು ತೋರಿಸಿದ್ದು

ಒಂದು ಘಟಕದ ಅನುಭವವನ್ನು ಸಾರ್ವತ್ರಿಕ ನಿಯಮವೆಂದು ಹೇಳಲಾಗದು. ಈ ವಿಷಯದಲ್ಲಿ ನಡೆದಿರುವ ಅಧ್ಯಯನಗಳನ್ನು ನಾನು ಓದತೊಡಗಿದ್ದು ಆ ಬಳಿಕವೇ.

ಉತ್ಪಾದನಾ ಯೋಜನೆಯನ್ನು ಗಣಿತ ಸೂತ್ರಕ್ಕೆ ಒಳಪಡಿಸಿದ ಆರಂಭದ ಪ್ರಸಿದ್ಧ ಪ್ರಯತ್ನ ಅಮೆರಿಕದ ಒಂದು ಬಣ್ಣದ ಕಾರ್ಖಾನೆಯನ್ನು ಕುರಿತದ್ದು. ಹೋಲ್ಟ್, ಮೊದಿಲಿಯಾನಿ, ಮ್ಯೂತ್ ಮತ್ತು ಸೈಮನ್ ಎಂಬ ನಾಲ್ವರು ವಿದ್ವಾಂಸರು ಈ ಕೆಲಸವನ್ನು 1955ರ ಸುಮಾರಿಗೆ ಪ್ರಕಟಿಸಿ, 1960ರಲ್ಲಿ ಪುಸ್ತಕರೂಪಕ್ಕೆ ತಂದರು. ಇವರಲ್ಲಿ ಹರ್ಬರ್ಟ್ ಸೈಮನ್ 1978ರಲ್ಲಿಯೂ ಫ್ರಾಂಕೊ ಮೊದಿಲಿಯಾನಿ 1985ರಲ್ಲಿಯೂ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದರು. 1963ರಲ್ಲಿ ಇ. ಎಚ್. ಬೌಮನ್ ಎಂಬವರು ಇದೇ ಹಾದಿಯಲ್ಲಿ ಮುಂದುವರಿದು ಕುತೂಹಲಕರವಾದ ಸಂಗತಿಯೊಂದನ್ನು ತೋರಿಸಿದರು. ವ್ಯವಸ್ಥಾಪಕರ ಹಿಂದಿನ ನಿರ್ಧಾರಗಳಿಂದಲೇ ಒಂದು ಸರಾಸರಿ ಸೂತ್ರವನ್ನು ರೂಪಿಸಿ ಅದನ್ನು ತಪ್ಪದೆ ಅನ್ವಯಿಸಿದರೆ, ಅನೇಕ ವೇಳೆ ಅದು ಆ ವ್ಯವಸ್ಥಾಪಕರ ನಿಜವಾದ ನಿರ್ಧಾರಗಳಿಗಿಂತ ಉತ್ತಮ ಫಲ ಕೊಡುತ್ತದೆ. ಅನುಭವಿಗಳ ತಿಳಿವಳಿಕೆಯಲ್ಲಿ ದೋಷ ಕಡಿಮೆ. ಅದನ್ನು ದಿನದಿನವೂ ಒಂದೇ ಬಗೆಯಾಗಿ ಅನ್ವಯಿಸದಿರುವುದರಲ್ಲಿ ದೋಷ ಹೆಚ್ಚು ಎಂಬುದು ಇದರ ಸಾರ.

2009ರಲ್ಲಿ ರಾಬರ್ಟ್ ಫಿಲ್ಡ್ಸ್, ಪಾಲ್ ಗುಡ್ವಿನ್ ಮತ್ತು ಸಂಗಡಿಗರು ನಾಲ್ಕು ಕಂಪನಿಗಳ 60,000ಕ್ಕೂ ಹೆಚ್ಚು ಬೇಡಿಕೆ ಅಂದಾಜುಗಳನ್ನು ಪರಿಶೀಲಿಸಿದರು. ಗಣಕದ ಅಂದಾಜಿಗೆ ಸಿಬ್ಬಂದಿ ಮಾಡಿದ ತಿದ್ದುಪಡಿಗಳಲ್ಲಿ ದೊಡ್ಡವು ಸಾಮಾನ್ಯವಾಗಿ ನಿಖರತೆಯನ್ನು ಹೆಚ್ಚಿಸಿದ್ದವು. ಚಿಕ್ಕವು ಅನೇಕ ವೇಳೆ ಕೆಡಿಸಿದ್ದವು. ಅಂದಾಜನ್ನು ಇಳಿಸಿದ ತಿದ್ದುಪಡಿಗಳು ಏರಿಸಿದವುಗಳಿಗಿಂತ ಹೆಚ್ಚು ಉಪಯುಕ್ತವಾಗಿದ್ದವು. ಕಾರಣ ಊಹಿಸಬಹುದಾದದ್ದೇ. ದೊಡ್ಡ ತಿದ್ದುಪಡಿಯ ಹಿಂದೆ ಸಾಮಾನ್ಯವಾಗಿ ಖಚಿತ ಸುದ್ದಿಯೊಂದಿರುತ್ತದೆ. ಏರಿಸುವ ತಿದ್ದುಪಡಿಯ ಹಿಂದೆ ಆಶಾವಾದವೂ ಸೇರಿಕೊಂಡಿರುತ್ತದೆ.

2010ರಲ್ಲಿ ಪ್ರಕಟವಾದ, ವಾನ್ ಡಾನ್ಸೆಲಾರ್ ಮತ್ತು ಇತರರ ಅಧ್ಯಯನವು ಸೂಪರ್ ಮಾರ್ಕೆಟ್ ಅಂಗಡಿಗಳ ವ್ಯವಸ್ಥಾಪಕರು ಗಣಕದ ಆರ್ಡರ್ ಸಲಹೆಯನ್ನು ಹೇಗೆ ಬದಲಿಸುತ್ತಾರೆಂದು ನೋಡಿತು. ಅವರು ಜನಸಂದಣಿಯ ದಿನಗಳ ಆರ್ಡರುಗಳನ್ನು ಬಿಡುವಿನ ದಿನಗಳಿಗೆ ಸರಿಸುತ್ತಿದ್ದರು. ಸರಕು ಇಳಿಸಿ, ಕಪಾಟಿಗೆ ಜೋಡಿಸುವ ದುಡಿಮೆಯ ವೆಚ್ಚ ತಂತ್ರಾಂಶದ ಲೆಕ್ಕದಲ್ಲಿ ಇರಲೇ ಇಲ್ಲ. ವ್ಯವಸ್ಥಾಪಕರ ನಡವಳಿಕೆಯಲ್ಲಿ ಒಂದು ಅರ್ಥಪೂರ್ಣ ವಿನ್ಯಾಸವಿತ್ತು, ಅದನ್ನು ತಂತ್ರಾಂಶಕ್ಕೆ ಕಲಿಸಲು ಸಾಧ್ಯವಿತ್ತು.

ಇನ್ನು ಮನೋಧರ್ಮದ ಪ್ರಶ್ನೆ. ಅಮೆರಿಕದ ಡೀಟ್‌ವೋರ್ಸ್ಟ್, ಸಿಮನ್ಸ್ ಮತ್ತು ಮ್ಯಾಸಿ ಅವರು 2015ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಗಣಕದ ಸೂತ್ರ ತಪ್ಪುವುದನ್ನು ಕಣ್ಣಾರೆ ಕಂಡವರು ಅದರಲ್ಲಿ ಬೇಗ ವಿಶ್ವಾಸ ಕಳೆದುಕೊಳ್ಳುತ್ತಾರೆ. ಅದೇ ಸೂತ್ರ ಮನುಷ್ಯರಿಗಿಂತ ಕಡಿಮೆ ತಪ್ಪು ಮಾಡಿದ್ದರೂ ಸರಿಯೇ. ಇದೇ ಸಂಶೋಧಕರು 2018ರಲ್ಲಿ ಇದಕ್ಕೆ ಒಂದು ಪರಿಹಾರವನ್ನೂ ಸೂಚಿಸಿದರು. ಫಲಿತಾಂಶವನ್ನು ಸ್ವಲ್ಪಮಟ್ಟಿಗಾದರೂ ತಿದ್ದುವ ಅವಕಾಶವಿದ್ದಾಗ ಜನರು ಸೂತ್ರವನ್ನು ಬಳಸಲು ಹೆಚ್ಚು ಮನಸ್ಸು ಮಾಡುತ್ತಾರೆ. ತಿದ್ದುಪಡಿಯ ಅಧಿಕಾರವನ್ನು ಕಿತ್ತುಕೊಳ್ಳಬೇಕೆಂದ ನನ್ನ 2007ರ ಸಲಹೆ ಎಷ್ಟು ತಿರುಗುಮುರುಗಾಗಿತ್ತೆಂಬುದು ಇದನ್ನು ಓದಿದಾಗ ಅರಿವಾಯಿತು.

ದೊಡ್ಡ ಸಂಸ್ಥೆಗಳೂ ಈ ವಿಷಯದಲ್ಲಿ ಪೆಟ್ಟು ತಿಂದಿವೆ. ಹೊಸ ಬೇಡಿಕೆ–ಸರಬರಾಜು ಯೋಜನಾ ತಂತ್ರಾಂಶದ ತೊಡಕುಗಳಿಂದ ತನ್ನ ಒಂದು ತ್ರೈಮಾಸಿಕದ ಮಾರಾಟಕ್ಕೆ ಸುಮಾರು 10 ಕೋಟಿ ಡಾಲರಿನಷ್ಟು ಹೊಡೆತ ಬಿತ್ತೆಂದು ಪಾದರಕ್ಷೆ ತಯಾರಕ ನೈಕಿ ಸಂಸ್ಥೆ 2001ರಲ್ಲಿ ಪ್ರಕಟಿಸಿತು. ಅಂಥ ನಷ್ಟವನ್ನು ನೈಕಿ ತಾಳಿಕೊಂಡಿತು. ನಮ್ಮ ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ಆ ಶಕ್ತಿಯಿಲ್ಲ.

ಲೆಕ್ಕಪತ್ರಕ್ಕೆ ಬರುವ ಪರಿಣಾಮ

ಇದೆಲ್ಲ ಉತ್ಪಾದನಾ ವಿಭಾಗದ ವಿಚಾರ, ಲೆಕ್ಕಿಗರಿಗೇನು ಕೆಲಸ ಎಂದು ಕೆಲವರು ಕೇಳಬಹುದು. ಯೋಜಕರ ಪ್ರತಿಯೊಂದು ತಿದ್ದುಪಡಿಯೂ ಕೊನೆಗೆ ಬಂದು ನಿಲ್ಲುವುದು ಆಸ್ತಿ-ಹೊಣೆ ಪಟ್ಟಿಯಲ್ಲಿ. ಅನಗತ್ಯ ದಾಸ್ತಾನು 30 ಲಕ್ಷ ರೂಪಾಯಿ ಇದ್ದು, ಬ್ಯಾಂಕಿನ ಬಡ್ಡಿ ಶೇಕಡಾ 10 ಎಂದುಕೊಂಡರೂ ವರ್ಷಕ್ಕೆ 3 ಲಕ್ಷ ರೂಪಾಯಿ ಸುಮ್ಮನೆ ಹೋಗುತ್ತದೆ. ಜಾಗ, ತುಕ್ಕು, ವಿನ್ಯಾಸ ಬದಲಾವಣೆಯಿಂದ ನಿರುಪಯುಕ್ತವಾಗುವ ಸರಕು ಇದಕ್ಕೆ ಹೊರತು. ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದದ್ದಕ್ಕೆ ತೋರಿಸಬೇಕೆಂಬ ಲೆಕ್ಕಪತ್ರ ಮಾನದಂಡ ಇರುವುದರಿಂದ ಈ ಹೊರೆ ಒಂದಲ್ಲ ಒಂದು ವರ್ಷ ಲಾಭಕ್ಕೆ ಕತ್ತರಿ ಹಾಕಿಯೇ ತೀರುತ್ತದೆ.

ಕಾರೋ 2020 ಆದೇಶ ಅನ್ವಯವಾಗುವ ಕಂಪನಿಗಳಲ್ಲಿ, ಚಾಲ್ತಿ ಆಸ್ತಿಗಳ ಭದ್ರತೆಯ ಮೇಲೆ 5 ಕೋಟಿ ರೂಪಾಯಿಗೂ ಮೀರಿದ ದುಡಿಯುವ ಬಂಡವಾಳ ಮಂಜೂರಾಗಿದ್ದರೆ, ಬ್ಯಾಂಕಿಗೆ ಸಲ್ಲಿಸುವ ತ್ರೈಮಾಸಿಕ ತಖ್ತೆಗಳು ಲೆಕ್ಕಪುಸ್ತಕದೊಂದಿಗೆ ತಾಳೆಯಾಗುತ್ತವೆಯೇ ಎಂಬುದನ್ನು ಲೆಕ್ಕಪರಿಶೋಧಕರು ವರದಿ ಮಾಡಬೇಕು. ದಾಸ್ತಾನಿನ ಅಂಕಿ ಸಡಿಲವಾಗಿರುವ ಕಡೆ ಯೋಜನೆಯೂ ಸಡಿಲ, ಬ್ಯಾಂಕಿನ ತಖ್ತೆಯೂ ಸಡಿಲ.

ಇನ್ನೊಂದು ಹೋಲಿಕೆಯನ್ನು ಗಮನಿಸಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯ ಜಾಡೂ ದಿನಾಂಕದೊಂದಿಗೆ ದಾಖಲಾಗಬೇಕೆಂಬ ನಿಯಮ ಜಾರಿಯಲ್ಲಿದೆ. ಒಂದು ವೋಚರಿನ ಮೊತ್ತ ಬದಲಾದರೆ ಅದರ ಗುರುತು ಉಳಿಯಲೇಬೇಕು. ಆದರೆ 10 ಲಕ್ಷ ರೂಪಾಯಿಯ ಎರಕದ ಆರ್ಡರನ್ನು ಎರಡು ವಾರ ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಬಹುತೇಕ ಘಟಕಗಳಲ್ಲಿ ಕಾರಣ ಎಲ್ಲಿಯೂ ಉಳಿಯುವುದಿಲ್ಲ. ಕಾನೂನು ಅದನ್ನು ಕೇಳುವುದಿಲ್ಲ. ವ್ಯವಹಾರ ಜ್ಞಾನ ಕೇಳಬೇಕು.

ತಿದ್ದುಪಡಿ ವಹಿ

ಆ ವಾಲ್ವ್ ಘಟಕದಲ್ಲಿ ನಾವು ಕೊನೆಗೆ ಕಂಡುಕೊಂಡ ದಾರಿ ಬಹು ಸರಳವಾದದ್ದು. ಯೋಜಕರ ಅಧಿಕಾರವನ್ನು ಅವರಿಗೆ ಮರಳಿಸಲಾಯಿತು. ಅದರೊಂದಿಗೆ ಒಂದು ತಿದ್ದುಪಡಿ ವಹಿಯನ್ನು ಆರಂಭಿಸಲಾಯಿತು. ಗಣಕ ಹೇಳಿದ್ದು, ಯೋಜಕರು ಮಾಡಿದ್ದು, ಕಾರಣ, ಆನಂತರ ನಿಜವಾಗಿ ನಡೆದದ್ದು ಎಂಬ ನಾಲ್ಕು ಅಂಕಣಗಳು ಅದರಲ್ಲಿ. ಸದಸ್ಯ ಬಾಂಧವರು ತಮ್ಮ ಘಟಕಗಳಲ್ಲಿ ಇದನ್ನು ಅಳವಡಿಸುವುದಾದರೆ ಕೆಳಗಿನ ಅಂಶಗಳನ್ನು ಗಮನಿಸಬಹುದು.

1. ಕಾರಣಗಳನ್ನು ಐದು ಬಗೆಗೆ ಸೀಮಿತಗೊಳಿಸಿರಿ: ಸರಬರಾಜುದಾರರ ಸುದ್ದಿ, ಗ್ರಾಹಕರ ಸುದ್ದಿ, ಯಂತ್ರ ಅಥವಾ ಕೆಲಸಗಾರರ ಲಭ್ಯತೆ, ಗಣಕದ ಮಾಹಿತಿಯಲ್ಲಿ ತಪ್ಪು ಮತ್ತು ಅನುಭವದ ಅಂದಾಜು. ಉದ್ದನೆಯ ಟಿಪ್ಪಣಿ ಬರೆಯಬೇಕೆಂದರೆ ಯಾರೂ ಬರೆಯುವುದಿಲ್ಲ.

2. ಸಣ್ಣ ತಿದ್ದುಪಡಿಗಳನ್ನು ಕೈಬಿಡಿರಿ. ಪ್ರಮಾಣದಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಬದಲಾವಣೆ ಬೇಡವೆಂಬ ನಿಯಮದಿಂದ ಆರಂಭಿಸಿ, ಅನುಭವ ನೋಡಿ ಮಿತಿಯನ್ನು ಬದಲಿಸಬಹುದು.

3. ಮಾಹಿತಿ ತಪ್ಪಿದ್ದರೆ ಆರ್ಡರನ್ನಷ್ಟೇ ತಿದ್ದಿ ಸುಮ್ಮನಾಗಬೇಡಿರಿ. ಮೂಲ ಮಾಹಿತಿಯನ್ನು ಒಂದು ವಾರದೊಳಗೆ ತಿದ್ದಿರಿ. ಲೀಡ್ ಟೈಮ್ 30 ಅಲ್ಲ 45 ಎಂದು ಗೊತ್ತಿದ್ದ ಮೇಲೆ ಪ್ರತಿ ತಿಂಗಳೂ ಅದೇ ತಿದ್ದುಪಡಿ ಮಾಡುವುದು ಶ್ರಮದ ಅಪವ್ಯಯ. ಫೌಂಡ್ರಿಯ ಹಬ್ಬದ ರಜೆಗಳನ್ನು ಗಣಕದ ಕ್ಯಾಲೆಂಡರಿನಲ್ಲಿ ತುಂಬಲು ಅಂದೂ ಅವಕಾಶವಿತ್ತು. ತುಂಬಿರಿ ಎಂದು ಹೇಳುವವರು ಇರಲಿಲ್ಲ.

4. ತಿಂಗಳಿಗೆ ಒಂದು ಗಂಟೆ ಯೋಜನೆ, ಖರೀದಿ, ಮಾರಾಟ ಮತ್ತು ಲೆಕ್ಕಪತ್ರ ವಿಭಾಗಗಳವರು ಕೂಡಿ ವಹಿಯನ್ನು ಓದಿರಿ. ಬೋಲ್ಟ್‌ಗಳಿಗೆ ಗಣಕ 200 ಎಂದಿತು, ಯೋಜಕರು 260 ತರಿಸಿದರು, ಖರ್ಚಾದದ್ದು 205 ಎಂದಾದರೆ ಗಣಕದ ತಪ್ಪು 5, ಯೋಜಕರ ತಪ್ಪು 55. ಬಾಡಿ ಎರಕಗಳನ್ನು ಆಗಸ್ಟ್ 16ಕ್ಕೆ ಆರ್ಡರ್ ಮಾಡಿ ಎಂದು ಗಣಕ ಹೇಳಿತು. ಯೋಜಕರು ಆಗಸ್ಟ್ 1ಕ್ಕೇ ಮಾಡಿದರು. ಬರಲು 44 ದಿನ ಹಿಡಿದು ಸೆಪ್ಟೆಂಬರ್ 14ಕ್ಕೆ ತಲುಪಿದವು ಎಂದಾದರೆ, ಗಣಕದ ಮಾತು ಕೇಳಿದ್ದರೆ ಅವು ಸೆಪ್ಟೆಂಬರ್ 29ಕ್ಕೆ ತಲುಪುತ್ತಿದ್ದವು. ಇಬ್ಬರ ಗೆಲುವನ್ನೂ ಎಣಿಸಿರಿ.

5. ಯೋಜಕರ ಕಾರ್ಯಕ್ಷಮತೆಯನ್ನು ಕೊರತೆ ಮತ್ತು ಹೆಚ್ಚುವರಿ ದಾಸ್ತಾನು ಎರಡರಿಂದಲೂ ಅಳೆಯಿರಿ. ಗಣಕದ ಮಾತನ್ನು ಶೇಕಡಾ ಎಷ್ಟು ಪಾಲಿಸಿದರೆಂಬುದನ್ನು ಅಳತೆಗೋಲಾಗಿ ಮಾಡಬೇಡಿರಿ.

6. ವಹಿಯನ್ನು ಶಿಕ್ಷೆಯ ಸಾಧನವಾಗಿ ಬಳಸಬೇಡಿರಿ. ಒಮ್ಮೆ ಹಾಗೆ ಬಳಸಿದರೂ ಮುಂದಿನ ತಿಂಗಳಿಂದ ಕಾರಣದ ಅಂಕಣದಲ್ಲಿ ಸತ್ಯ ಬರೆಯುವವರಿರುವುದಿಲ್ಲ. ನೋಟುಪುಸ್ತಕ ಮತ್ತೆ ಮೇಜಿನ ಖಾನೆ ಸೇರುತ್ತದೆ.

ವಹಿ ಆರಂಭವಾದ ಮೇಲೆ ಕಂಡ ಮೊದಲ ಬದಲಾವಣೆ ನಾವು ನಿರೀಕ್ಷಿಸದೇ ಇದ್ದದ್ದು. ಕಾರಣ ಬರೆಯಬೇಕೆಂದಾಗ ಅನೇಕ ತಿದ್ದುಪಡಿಗಳು ತಾವಾಗಿಯೇ ನಿಂತುಹೋದವು. ಪೆನ್ನು ಹಿಡಿದಾಗ ಬರೆಯಲು ಏನೂ ತೋಚದಿದ್ದರೆ ಗಣಕದ ಅಂಕಿಯನ್ನೇ ಉಳಿಸುತ್ತೇನೆ ಎಂದು ಯೋಜಕರೇ ನನಗೆ ಹೇಳಿದರು. ಉಳಿದ ತಿದ್ದುಪಡಿಗಳಿಗೆ ತೂಕ ಬಂತು. ನಿರ್ದೇಶಕರು ಅವನ್ನು ಪ್ರಶ್ನಿಸುವುದನ್ನು ನಿಲ್ಲಿಸಿ, ಓದತೊಡಗಿದರು.

ಮುಂದಿನ ದಿನಗಳಿಗೆ

ಎಂ.ಆರ್.ಪಿ. ಲೆಕ್ಕವನ್ನು ಕಾಗದದ ಮೇಲೆ ಮರಳಿ ಮಾಡಿ ನೋಡಬಹುದಿತ್ತು. 90 ಎಲ್ಲಿಂದ ಬಂತೆಂದು ಯಾರಾದರೂ ಹೇಳಬಲ್ಲರು. ಈಗ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಬರುತ್ತಿರುವ ಬೇಡಿಕೆ ಅಂದಾಜಿನ ತಂತ್ರಾಂಶಗಳಲ್ಲಿ ಅಂಕಿ ಬರುತ್ತದೆ, ಅದು ಬಂದ ದಾರಿ ಎಷ್ಟೋ ವೇಳೆ ಕಾಣುವುದಿಲ್ಲ. ಅಂಥ ಸಲಹೆಯನ್ನು ಕಣ್ಣುಮುಚ್ಚಿ ಒಪ್ಪುವ ಒತ್ತಡವೂ ಕಾರಣ ಹೇಳದೆ ತಳ್ಳಿಹಾಕುವ ಪ್ರವೃತ್ತಿಯೂ ಹೆಚ್ಚಾಗುವ ಸಂಭವವಿದೆ. ಫಲಿತಾಂಶದೊಂದಿಗೆ ತಾಳೆ ನೋಡುವ ವಹಿಯ ಅಗತ್ಯ ಇದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆ ಘಟಕದ ಯೋಜಕರು ಕೆಲವು ವರ್ಷಗಳ ನಂತರ ನಿವೃತ್ತರಾದರು. ಇಂಥ ಅನುಭವಿಗಳು ನಿವೃತ್ತರಾದಾಗ ಸಾಮಾನ್ಯವಾಗಿ ಅವರ ನೋಟುಪುಸ್ತಕವೂ ಅವರೊಂದಿಗೆ ಮನೆಗೆ ಹೋಗುತ್ತದೆ. ಕಾರ್ಖಾನೆ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಅವರ ಜಾಗಕ್ಕೆ ಬಂದ ಯುವಕರಿಗೆ ಮೊದಲ ವಾರ ಓದಲು ಕೊಟ್ಟದ್ದು ಆ ವಹಿಗಳನ್ನೇ. ಯಾವ ಫೌಂಡ್ರಿ ಮಳೆಗಾಲದಲ್ಲಿ ತಡಮಾಡುತ್ತದೆ, ಯಾವ ಗ್ರಾಹಕರು ದಿನಾಂಕವನ್ನು ಮುಂದೂಡದೇ ಇರುವುದಿಲ್ಲ ಎಂಬುದೆಲ್ಲ ಅದರಲ್ಲಿತ್ತು. ಬಹುಪಾಲು ಗಣಕದ ಮೂಲ ಮಾಹಿತಿಯನ್ನೂ ಸೇರಿತ್ತು.

ನನ್ನ ಪರಿಶೋಧನಾ ಪ್ರಶ್ನಾವಳಿಯಲ್ಲಿ ‘ಗಣಕದ ಸಲಹೆಯನ್ನು ಎಷ್ಟು ಬಾರಿ ಮೀರಲಾಗಿದೆ?’ ಎಂಬ ಪ್ರಶ್ನೆ ಇಂದಿಗೂ ಇದೆ. ಅದರ ಕೆಳಗೆ ‘ಕಾರಣ ಬರೆದಿದೆಯೇ? ಫಲಿತಾಂಶದೊಂದಿಗೆ ತಾಳೆ ನೋಡಿದ್ದಾರೆಯೇ?’ ಎಂಬ ಎರಡು ಸಾಲುಗಳನ್ನು 2007ರ ಬಳಿಕ ಸೇರಿಸಿದ್ದೇನೆ. ಉದ್ಯಮಿ ಬಾಂಧವರು ಮುಂದಿನ ಸೋಮವಾರ ತಮ್ಮ ಯೋಜನಾ ವಿಭಾಗಕ್ಕೆ ಹೋದಾಗ ಗಣಕದ ಪಟ್ಟಿಯನ್ನು ನೋಡಿದ ಬಳಿಕ ಮೇಜಿನ ಖಾನೆಯ ನೋಟುಪುಸ್ತಕವನ್ನೂ ಒಮ್ಮೆ ಕೇಳಿ ನೋಡಬೇಕೆಂದು ವಿನಂತಿ.